ಹಾಡು ಯಾರದು, ಸಹಿ ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ.

ಜನಪ್ರಿಯ ಸಂಗೀತದ ಬಗ್ಗೆ ಮಾತಾಡಲು ನನ್ನನ್ನು ಕರೆದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ಹಾಡಿನಿಂದ ಸಮಾಜ ಬದಲಾಗುತ್ತದೆಯೇ? ಪ್ರಶ್ನೆ ಚೆನ್ನಾಗಿದೆ. ಆದರೆ ನಿಜ ಹೇಳಬೇಕೆಂದರೆ, ನನಗೆ ಅದು ಸಾಕಾಗಿಹೋಗಿದೆ. ನಾನು ಕೇಳುವುದು ಇಷ್ಟೇ: ಆ ಹಾಡಿನ ದುಡ್ಡು ಯಾರ ಜೇಬಿಗೆ ಹೋಯಿತು? ಕಾಗದದ ಮೇಲೆ ಸಹಿ ಹಾಕಿದವರು ಯಾರು, ಹಾಕಿಸಿಕೊಂಡವರು ಯಾರು? ಇದು ಗೊತ್ತಾದರೆ ಆ ಕಾಲದ ಸಮಾಜವೂ ಗೊತ್ತಾಗುತ್ತದೆ, ರಾಜಕೀಯವೂ ಗೊತ್ತಾಗುತ್ತದೆ.

ಒಂದು ಹಾಡಿನ ಕತೆ ಹೇಳುತ್ತೇನೆ. ಕಾಡಿನಲ್ಲಿ ಸಿಂಹ ಮಲಗಿದೆ ಅನ್ನುವ ಇಂಗ್ಲಿಷ್ ಹಾಡು, 'ದ ಲಯನ್ ಸ್ಲೀಪ್ಸ್ ಟುನೈಟ್'. ನೀವು ಖಂಡಿತ ಕೇಳಿರುತ್ತೀರಿ, ನಿಮ್ಮ ಮಕ್ಕಳಂತೂ ಕೇಳಿಯೇ ಇರುತ್ತಾರೆ. ಅದು ಹುಟ್ಟಿದ್ದು ಅಮೆರಿಕದಲ್ಲಿ ಅಲ್ಲ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ, 1939ರಲ್ಲಿ.

ಸಾಲೊಮನ್ ಲಿಂಡಾ ಅಂತ ಒಬ್ಬ ಹಾಡುಗಾರ, ಅಲ್ಲಿನ ಜುಲು ಅನ್ನುವ ಕಪ್ಪು ಜನಾಂಗದವನು. ಗ್ಯಾಲೊ ಅನ್ನುವ ರೆಕಾರ್ಡ್ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ಬೇರೆಯವರ ಹಾಡುಗಳನ್ನು ಡಬ್ಬಿಗೆ ತುಂಬುವ ಕೆಲಸ, ಯೋಚಿಸಿ ನೋಡಿ! ಇವನದೇ ಒಂದು ಗುಂಪೂ ಇತ್ತು, ಈವ್ನಿಂಗ್ ಬರ್ಡ್ಸ್. ಒಂದು ದಿನ ಅದೇ ಕಂಪನಿಯ ಸ್ಟುಡಿಯೋದಲ್ಲಿ ಇವರು 'ಎಂಬೂಬೆ', ಅಂದರೆ ಸಿಂಹ, ಅನ್ನುವ ಹಾಡು ಹಾಡಿದರು. ಮೊದಲ ಎರಡು ಸಲ ಸರಿಯಾಗಲಿಲ್ಲ. ಮೂರನೇ ಸಲ ಹಾಡು ಮುಗಿಯುವ ಹೊತ್ತಿಗೆ ಲಿಂಡಾ ಎತ್ತರದ ದನಿಯಲ್ಲಿ ಸುಮ್ನೆ ಒಂದು ರಾಗ ಎಳೆದ. ಬರೆದುಕೊಂಡಿದ್ದಲ್ಲ, ಅಭ್ಯಾಸ ಮಾಡಿದ್ದಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು. ಮುಂದೆ ಜಗತ್ತೆಲ್ಲ ಗುನುಗಿದ್ದು ಆ ಎಳೆಯನ್ನೇ.

ಹಾಡಿನ ಹಕ್ಕಿಗೆ ಅವನಿಗೆ ಸಿಕ್ಕಿದ್ದು 10 ಶಿಲಿಂಗ್. ಅರ್ಧ ಪೌಂಡು. ಅಲ್ಲಿಗೆ ಲೆಕ್ಕ ಚುಕ್ತಾ.

ಆ ದೇಶದಲ್ಲಿ ಕಪ್ಪು ಜನ ಊರೊಳಗೆ ಓಡಾಡಲೂ ಪಾಸ್ ಇಟ್ಟುಕೊಳ್ಳಬೇಕಿದ್ದ ಕಾಲ ಅದು. ಅಂಥವನು ಕಂಪನಿಯ ಎದುರು ಕೂತು 'ಸ್ವಾಮಿ, ನನಗೆ ಇಷ್ಟು ಪಾಲು ಬೇಕು' ಅಂತ ಚೌಕಾಸಿ ಮಾಡಲು ಸಾಧ್ಯವಿತ್ತೇ? ಅದಕ್ಕೇ ನಾನು ಸಹಿ, ಸಹಿ ಅಂತ ಬಡಿದುಕೊಳ್ಳುವುದು. ರಾಜಕೀಯ ಹಾಡಿನ ಸಾಲುಗಳಲ್ಲಿ ಮಾತ್ರ ಇರುವುದಿಲ್ಲ, ಒಪ್ಪಂದದ ಕಾಗದದಲ್ಲೂ ಇರುತ್ತದೆ.

ಕತೆ ಮುಗಿದಿಲ್ಲ. ಆ ರೆಕಾರ್ಡ್ ಅಮೆರಿಕಕ್ಕೆ ಹೋಯಿತು, ಪೀಟ್ ಸೀಗರ್ ಅನ್ನುವ ಅಲ್ಲಿನ ಜನಪದ ಹಾಡುಗಾರರ ಕೈಗೆ ಬಿತ್ತು. ಅವರ ಗುಂಪು ದ ವೀವರ್ಸ್ ಅದನ್ನು ಹಾಡಿತು, 1952ರಲ್ಲಿ ಹಿಟ್ ಆಯಿತು. ಅಷ್ಟರಲ್ಲಿ ಅಲ್ಲಿ ಕಮ್ಯುನಿಸ್ಟರ ಬೇಟೆ ಜೋರಾಗಿತ್ತು. ವೀವರ್ಸ್ ಹೆಸರು ಕಪ್ಪುಪಟ್ಟಿಗೆ ಸೇರಿತು, ರೇಡಿಯೋ ಬಾಗಿಲು ಮುಚ್ಚಿತು, ರೆಕಾರ್ಡ್ ಕಂಪನಿಯೂ ಕೈಬಿಟ್ಟಿತು. ಹಾಡುವವರ ಬಾಯಿ ಮುಚ್ಚಿಸಿದರು. ಹಾಡನ್ನು ಮಾತ್ರ ಯಾರೂ ಬಿಡಲಿಲ್ಲ! 1961ರಲ್ಲಿ ದ ಟೋಕನ್ಸ್ ಅನ್ನುವ ಹುಡುಗರ ಗುಂಪು ಅದನ್ನು ಹೊಸ ಇಂಗ್ಲಿಷ್ ಸಾಲುಗಳ ಜೊತೆ ಹಾಡಿತು. ಅಮೆರಿಕದಲ್ಲಿ ನಂಬರ್ ಒನ್. ಹಾಡು ಬರೆದವರ ಜಾಗದಲ್ಲಿ ಬೇರೆ ಹೆಸರುಗಳು ಬಂದವು.

ಮರುವರ್ಷ, 1962ರಲ್ಲಿ, ಲಿಂಡಾ ತೀರಿಕೊಂಡ. ಬ್ಯಾಂಕಿನಲ್ಲಿ ಇದ್ದದ್ದು 25 ಡಾಲರಿಗೂ ಕಡಿಮೆ. ಸಮಾಧಿಗೆ ಒಂದು ಕಲ್ಲು ನಿಲ್ಲಿಸಲು ಮನೆಯವರಿಗೆ 18 ವರ್ಷ ಬೇಕಾಯಿತು.

ಸೀಗರ್ ಒಳ್ಳೆಯ ಮನುಷ್ಯ, ಲಿಂಡಾಗೆ 1,000 ಡಾಲರ್ ಕಳಿಸಿದ್ದಾಗಿ ಹೇಳಿದ್ದರು. ಇರಲಿ, ಸಂತೋಷ. ಆದರೆ ಒಳ್ಳೆಯತನದಿಂದ ಬಂದ ದುಡ್ಡು ಒಂದೇ ಸಲ ಬರುತ್ತದೆ. ಹಕ್ಕಿನಿಂದ ಬರುವ ದುಡ್ಡು ಹಾಡು ಮೊಳಗಿದಾಗಲೆಲ್ಲ ಬರುತ್ತದೆ. ದಯವಿಟ್ಟು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

1994ರಲ್ಲಿ ಡಿಸ್ನಿ ಕಂಪನಿಯ 'ದ ಲಯನ್ ಕಿಂಗ್' ಸಿನಿಮಾ ಬಂತು, ಅದರಲ್ಲೂ ಈ ಹಾಡು. 2000ದಲ್ಲಿ ರಿಯಾನ್ ಮಲಾನ್ ಎಂಬ ದಕ್ಷಿಣ ಆಫ್ರಿಕಾದ ಪತ್ರಕರ್ತ ಈ ಇಡೀ ಕತೆಯನ್ನು ಹೊರಗೆಳೆದರು. ಆಮೇಲೆ ವಕೀಲರು ಒಂದು ಹಳೇ ಕಾನೂನು ಹುಡುಕಿದರು. 1911ರ ಬ್ರಿಟಿಷ್ ಕಾಪಿರೈಟ್ ಕಾನೂನು. ಬರೆದವರು ಹಕ್ಕನ್ನು ಮಾರಿಬಿಟ್ಟಿದ್ದರೂ, ಅವರು ಸತ್ತು 25 ವರ್ಷ ಆದ ಮೇಲೆ ಅದು ವಾರಸುದಾರರಿಗೆ ವಾಪಸ್ ಬರುತ್ತದೆ ಅನ್ನುತ್ತದೆ ಅದು. ಸಾಮ್ರಾಜ್ಯ ನಡೆಸಿದವರ ಕಾನೂನೇ ಕೊನೆಗೆ ಜುಲು ಹಾಡುಗಾರನ ಹೆಣ್ಣುಮಕ್ಕಳ ಕೈಗೆ ಸಿಕ್ಕ ಅಸ್ತ್ರ! 2004ರಲ್ಲಿ ಡಿಸ್ನಿ ಮೇಲೆ ಕೇಸು ಬಿತ್ತು. 2006ರಲ್ಲಿ, ಹಾಡಿನ ಹಕ್ಕು ಇಟ್ಟುಕೊಂಡಿದ್ದ ಪ್ರಕಾಶನ ಸಂಸ್ಥೆ ರಾಜಿ ಮಾಡಿಕೊಂಡಿತು. ಹಾಡು ಹುಟ್ಟಿ 67 ವರ್ಷ ಆಗಿತ್ತು.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ಎರಡು ವಿಷಯ ಇತ್ತು, ಬೇಗ ಹೇಳಿಬಿಡುತ್ತೇನೆ.

ಒಂದು, ಜನ ಇಷ್ಟಪಟ್ಟಿದ್ದೇ ಹಿಟ್ ಆಗುತ್ತದೆ ಅನ್ನುವ ನಂಬಿಕೆ. ಅಮೆರಿಕದಲ್ಲಿ 1950ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ರೇಡಿಯೋ ನಿರೂಪಕರಿಗೆ ಗುಟ್ಟಾಗಿ ದುಡ್ಡು ಕೊಟ್ಟು ತಮ್ಮ ಹಾಡುಗಳನ್ನು ಹಾಕಿಸುತ್ತಿದ್ದವು. ಪೇಯೋಲಾ ಅನ್ನುತ್ತಿದ್ದರು. ಸಂಸತ್ತಿನಲ್ಲಿ ವಿಚಾರಣೆ ನಡೆದು, 1960ರಲ್ಲಿ ಕಾನೂನು ಬಂತು. ದುಡ್ಡು ತೆಗೆದುಕೊಂಡು ಹಾಡು ಹಾಕಿದರೆ ಅದನ್ನು ಕೇಳುಗರಿಗೆ ಹೇಳಲೇಬೇಕು. ರೇಡಿಯೋದಲ್ಲಿ ಕೂತು ಇದನ್ನು ಹೇಳುವಾಗ ನಗು ಬರುತ್ತದೆ, ಅಲ್ವಾ?

ಎರಡು, ಇವತ್ತಿನ ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್‌ನಲ್ಲೇ ಹಾಡು ಕೇಳುವುದು. ಸ್ಪಾಟಿಫೈ ಅನ್ನುವ ಆ್ಯಪ್‌ನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಅದು ಒಂದು ಸಲ ಕೇಳಿದ ಲೆಕ್ಕ. 2024ರಿಂದ ಇನ್ನೊಂದು ನಿಯಮ ಸೇರಿದೆ. 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸದ ಹಾಡಿಗೆ ಆ ರೆಕಾರ್ಡಿಂಗ್ ಲೆಕ್ಕದ ದುಡ್ಡು ಬರುವುದಿಲ್ಲ. ಈ ನಿಯಮ ಬರೆದವರು ಹಾಡುಗಾರರಲ್ಲ. ಈಗಷ್ಟೇ ಹಾಡಲು ಶುರು ಮಾಡಿದವರು ನಿಮ್ಮ ಮನೆಯಲ್ಲಿದ್ದರೆ, ಹಾಡು ಅಪ್‌ಲೋಡ್ ಮಾಡುವ ಮೊದಲು ಆ ಒಪ್ಪಂದವನ್ನು ಕೊನೇ ಸಾಲಿನವರೆಗೂ ಓದಿಸಿ. ಬೇಜಾರಾದರೂ ಸರಿ, ಓದಿಸಿ.

ನಮಸ್ಕಾರ.