ಲಿಸ್ಬನ್‌ಗೆ ಹೊರಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಯುರೋಪ್ ಪ್ರವಾಸ ಅಂದ ಕೂಡಲೇ ನಮ್ಮವರ ಬಾಯಿಗೆ ಬರುವುದು ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್. ಹತ್ತು ದಿನಕ್ಕೆ ಏಳು ದೇಶ ತೋರಿಸುವ ಪ್ಯಾಕೇಜುಗಳಲ್ಲಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಅದು ಖಂಡದ ಪಡುವಣ ತುದಿಯಲ್ಲಿದೆ, ಎಲ್ಲಿಗೋ ಹೋಗುವ ದಾರಿಯಲ್ಲಿ ಸಿಗುವ ಊರಲ್ಲ. ಆದರೆ ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಗೆ ಐನೂರು ವರ್ಷದ ಹಳೇ ಲೆಕ್ಕ ಇರುವ ಯುರೋಪಿನ ರಾಜಧಾನಿ ಯಾವುದು ಅಂತ ಕೇಳಿದರೆ ಉತ್ತರ ಲಿಸ್ಬನ್. ಅದಕ್ಕೇ ಇವತ್ತು ಈ ಒಂದೇ ಊರಿನ ಮಾತು.

ಹೋಗಬೇಕು ಅಂತ ನಿಶ್ಚಯಿಸಿದ ಮೇಲೆ ಮೊದಲು ನಕ್ಷೆ ತೆರೆಯಬೇಡಿ. ಒಂದು ತಾರೀಖು ನೆನಪಿಟ್ಟುಕೊಳ್ಳಿ: 1755ರ ನವೆಂಬರ್ 1. ಅಂದು ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಇಗರ್ಜಿಗಳು ತುಂಬಿದ್ದವು, ಒಳಗೆಲ್ಲ ಮೇಣದ ಬತ್ತಿ ಉರಿಯುತ್ತಿದ್ದವು. ಆಗ ಭೂಮಿ ನಡುಗಿತು. ಬದುಕಿದವರು ಬಯಲು ಹುಡುಕಿಕೊಂಡು ತೇಜೊ ನದಿಯ ದಂಡೆಗೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಸುನಾಮಿಯ ನೀರು ಅಲ್ಲಿಗೂ ನುಗ್ಗಿತು. ಮೇಲೆ ಊರಲ್ಲಿ ಬೆಂಕಿ ದಿನಗಟ್ಟಲೆ ಉರಿಯಿತು. ನದಿಯಂಚಿನ ಅರಮನೆ ಗ್ರಂಥಭಂಡಾರದ ಸಮೇತ ಹೋಯಿತು. ದೊರೆ ಮೊದಲನೇ ಜೋಸೆಫ್ ಅಂದು ಊರಾಚೆ ಇದ್ದುದರಿಂದ ಉಳಿದ. ಆಮೇಲೆ ಅವನಿಗೆ ಕಲ್ಲಿನ ಮಾಡಿನ ಕೆಳಗೆ ಮಲಗುವ ಧೈರ್ಯ ಬರಲಿಲ್ಲವಂತೆ, ಅಜುಡಾ ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದ.

ಈ ತಾರೀಖು ಯಾಕೆ ಹೇಳಿದೆ ಅಂದರೆ, ನೀವು ನೋಡಲಿರುವ ಪ್ರತಿಯೊಂದು ಕಟ್ಟಡಕ್ಕೂ ಇದೊಂದು ಪ್ರಶ್ನೆ ಕೇಳಬಹುದು: ಅಂದು ನೀನು ಏನಾದೆ? ಬಿದ್ದು ಮತ್ತೆ ಎದ್ದದ್ದು ಕೆಳಪೇಟೆ ಬೈಷಾ. ಬಿದ್ದು ಹಾಗೇ ಉಳಿದದ್ದು ಕಾರ್ಮೊ ಮಠ. ಬಹುಮಟ್ಟಿಗೆ ಬೀಳದೆ ನಿಂತದ್ದು ಹಳೇ ಕೇರಿ ಅಲ್ಫಾಮಾದ ಓಣಿಗಳು ಮತ್ತು ನದಿಯ ಕೆಳದಿಕ್ಕಿನ ಬೆಲೆಂ. ದಿನಗಳನ್ನು ಈ ಲೆಕ್ಕದಲ್ಲಿ ಹಂಚಿಕೊಂಡರೆ ಊರು ಅರ್ಥವಾಗುತ್ತದೆ. ಇಂಟರ್‌ನೆಟ್ಟಿನ ‘ಟಾಪ್ ಟೆನ್’ ಹಿಡಿದು ಹೊರಟರೆ ಗುಡ್ಡ ಹತ್ತಿ ಇಳಿಯುವುದರಲ್ಲೇ ಕಾಲು ಸೋಲುತ್ತದೆ.

ಬೈಷಾದಿಂದ ಶುರು ಮಾಡಿ. ಮಂತ್ರಿ ಪೊಂಬಾಲ್ ಅವಶೇಷವನ್ನೆಲ್ಲ ತೆಗೆಸಿ, ಹಗ್ಗ ಹಿಡಿದ ಹಾಗೆ ನೇರ ಬೀದಿಗಳನ್ನು ಹಾಕಿಸಿದ. ಒಂದೊಂದು ಬೀದಿ ಒಂದೊಂದು ಕಸುಬಿನವರಿಗೆ: ಚಿನ್ನ, ಬೆಳ್ಳಿ, ಬಟ್ಟೆ, ಚಪ್ಪಲಿ. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಇದ್ದ ಹಾಗೆ. ಗೋಡೆಯೊಳಗೆ ಅಡ್ಡ, ಉದ್ದ, ಓರೆ ಮರದ ಪಟ್ಟಿಗಳ ಪಂಜರ ಕಟ್ಟಿ, ಸಂದಿಗೆ ಕಲ್ಲು ಗಾರೆ ತುಂಬಿದರು. ನೆಲ ಅಲುಗಿದರೆ ಮನೆ ಬಳುಕಬೇಕು, ಮುರಿಯಬಾರದು. ಮಾದರಿಯ ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷೆ ಮಾಡಿದರು ಅಂತಲೂ ಹೇಳುತ್ತಾರೆ. ಇದರ ಬುಡ ನೋಡಬೇಕಾದರೆ ಕೊರ್ರೆಯೆರೋಶ್ ಬೀದಿಯಲ್ಲಿ ಒಂದು ಬ್ಯಾಂಕಿನ ನೆಲಮಾಳಿಗೆಗೆ ಇಳಿಯಬೇಕು. ಬ್ಯಾಂಕಿನವರು ಕಟ್ಟಡ ದುರಸ್ತಿಗೆ ಅಗೆದಾಗ ಪೊಂಬಾಲ್ ಕಾಲದ ಮರದ ಗೂಟಗಳು ಸಿಕ್ಕವು. ಇನ್ನೂ ಕೆಳಗೆ ಹೋದರೆ, ರೋಮನರು ಮೀನಿಗೆ ಉಪ್ಪು ಹಾಕುತ್ತಿದ್ದ ತೊಟ್ಟಿಗಳು. ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ, ಮೊದಲೇ ಕಾದಿರಿಸಬೇಕು. ಊರಿನ ದೊಡ್ಡ ಚರ್ಚುಗಳಿಗಿಂತ ನನಗೆ ಈ ನೆಲಮಾಳಿಗೆಯೇ ಹೆಚ್ಚು.

ಕಾರ್ಮೊ ಮಠ ಇರುವುದು ಬೈಷಾದ ನೆತ್ತಿಯ ಮೇಲೆ. ಮಂಡಿನೋವಿನವರು ಹೆದರಬೇಡಿ. ಬೈಷಾ-ಶಿಯಾದೊ ಮೆಟ್ರೊ ನಿಲ್ದಾಣದ ಒಂದು ಬಾಗಿಲು ಕೆಳಗಿದೆ, ಇನ್ನೊಂದು ಮೇಲಿದೆ, ನಡುವೆ ಎಸ್ಕಲೇಟರ್. ಟಿಕೆಟ್ ಗೇಟು ದಾಟದೆ ಪುಕ್ಕಟೆ ಮೇಲೇರಬಹುದು. ಹಾಗೆಯೇ ಗುಡ್ಡದ ಮೇಲಿನ ಕೋಟೆಯ ಕಡೆಗೆ ಹೋಗಲು ಫಂಕೇರೋಶ್ ಬೀದಿಯಲ್ಲಿ ಪುಕ್ಕಟೆ ಲಿಫ್ಟ್ ಇದೆ. ಊರವರಿಗೆ ಗೊತ್ತು, ಪ್ರವಾಸಿಗರು ಹೊರಗೆ ನಿಂತು ಏದುಸಿರು ಬಿಡುತ್ತಿರುತ್ತಾರೆ.

ಕಾರ್ಮೊದ ಇಗರ್ಜಿಗೆ ಛಾವಣಿಯಿಲ್ಲ. ಕಮಾನುಗಳು ಸಾಲಾಗಿ ನಿಂತಿವೆ, ಮೇಲೆ ಬರೀ ಆಕಾಶ. ಭಾನುವಾರ ರಜೆ, ಮರೆಯಬೇಡಿ. ಎದುರಿನ ಚೌಕದಲ್ಲಿ ಒಂದು ಪೊಲೀಸ್ ಪಡೆಯ ಠಾಣ್ಯವಿದೆ. 1974ರ ಏಪ್ರಿಲ್ 25ರಂದು, ಸರ್ವಾಧಿಕಾರದ ವಿರುದ್ಧ ಸೈನಿಕರು ಬಂಡೆದ್ದ ದಿನ, ಪ್ರಧಾನಿ ಮಾರ್ಸೆಲೊ ಕೇಟಾನೊ ಅಡಗಿದ್ದು ಅದರೊಳಗೆ. ಹೊರಗೆ ಜನ ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಶನ್ ಹೂ ಸಿಕ್ಕಿಸುತ್ತಿದ್ದರು. ಸಂಜೆಯ ಹೊತ್ತಿಗೆ ಕೇಟಾನೊ ಶರಣಾದ. 1961ರಲ್ಲಿ ಗೋವಾ ಭಾರತಕ್ಕೆ ಸೇರಿತಲ್ಲ, ಅದನ್ನು ಪೋರ್ಚುಗಲ್ ಒಪ್ಪಿಕೊಂಡದ್ದು ಈ ಚೌಕದಲ್ಲಿ ಸರ್ಕಾರ ಬಿದ್ದ ಮೇಲೆಯೇ. ಮೇ ಕೊನೆಗೆ ಹೋದರೆ ಚೌಕದ ಜಕರಾಂಡ ಮರಗಳು ನೀಲಿ ಹೂ ಬಿಟ್ಟಿರುತ್ತವೆ, ಕಾಫಿ ಹಿಡಿದು ಕೂರಲು ಒಳ್ಳೇ ಜಾಗ.

ಕೆಳಗೆ ರೊಸಿಯೊ ಚೌಕ. ಉತ್ತರಕ್ಕೆ ಕಾಣುವ ರಾಷ್ಟ್ರೀಯ ರಂಗಮಂದಿರದ ಜಾಗದಲ್ಲಿ ಹಿಂದೆ ಇದ್ದದ್ದು ಮತದ್ರೋಹದ ಆರೋಪ ಹೊತ್ತವರನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್ನಿನ ಕಚೇರಿ. ಅದರ ಗೋವಾ ಶಾಖೆ 1560ರಲ್ಲಿ ಶುರುವಾಯಿತು. ಮಂಗಳೂರು, ಉಡುಪಿ, ಕುಮಟೆ ಕಡೆಯ ಎಷ್ಟೋ ಕೊಂಕಣಿ ಮನೆಗಳಲ್ಲಿ, ಹಿಂದೂಗಳಿರಲಿ ಕ್ರೈಸ್ತರಿರಲಿ, ‘ನಮ್ಮ ಹಿರಿಯರು ಗೋವಾ ಬಿಟ್ಟು ಬಂದವರು’ ಎಂಬ ಮಾತು ಇಂದಿಗೂ ಇದೆ. ಪಕ್ಕದ ಸಾವ್ ದೊಮಿಂಗೋಸ್ ಇಗರ್ಜಿಯ ಮುಂದೆ 1506ರ ಯಹೂದ್ಯರ ಹತ್ಯಾಕಾಂಡದ ಸ್ಮಾರಕವಿದೆ. ಒಳಗೆ 1959ರ ಬೆಂಕಿಗೆ ಬಿರಿದ ಕಂಬಗಳನ್ನು ಹಾಗೇ ಬಿಟ್ಟಿದ್ದಾರೆ. ಪ್ರವೇಶ ಉಚಿತ, ಸಾಲಿಲ್ಲ.

ಬೆಲೆಂಗೆ ಇಡೀ ಒಂದು ದಿನ ಬೇಕು, ಸೋಮವಾರ ಬೇಡ. 1497ರ ಜುಲೈನಲ್ಲಿ ವಾಸ್ಕೊ ಡ ಗಾಮ ಹಡಗು ಬಿಟ್ಟದ್ದು ಇಲ್ಲಿಂದ. ಕೋಳಿಕ್ಕೋಡಿನಿಂದ ಮರಳುವಾಗ ನಮ್ಮ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಿದ್ದ. ಈಗ ಅವನ ಗೋರಿ ಜೆರೊನಿಮೋಸ್ ಮಠದ ಇಗರ್ಜಿಯ ಬಾಗಿಲಲ್ಲೇ ಇದೆ. ಆ ಮಠ ಎದ್ದದ್ದು ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲೆ ಹಾಕಿದ ನೂರಕ್ಕೆ ಐದರ ಸುಂಕದಿಂದ. ಅದನ್ನು ಮೆಣಸಿನ ಸುಂಕ ಅಂತಲೇ ಕರೆಯುತ್ತಿದ್ದರು. ಆರಂಭದಲ್ಲಿ ಬಂದದ್ದು ಹೆಚ್ಚಾಗಿ ಮಲಬಾರಿನ ಸರಕು. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರೇ ‘ಮೆಣಸಿನ ರಾಣಿ’ ಎಂದು ಹೆಸರಿಟ್ಟರು. ಕಲ್ಲಿನ ಹಗ್ಗ, ಕಲ್ಲಿನ ಗಂಟು, ಕಲ್ಲಿನ ಬಳ್ಳಿ ಕೆತ್ತಿದ ಆ ಅಂಗಳದ ಪಡಸಾಲೆಯಲ್ಲಿ ನಿಂತಾಗ ಈ ಬಾಬ್ತು ನೆನಪಾಗಲಿ.

ಹತ್ತಿರದ ಬೆಲೆಂ ಗೋಪುರದ ಒಂದು ಕಾವಲುಗೂಡಿನ ಬುಡದಲ್ಲಿ ಘೇಂಡಾಮೃಗದ ತಲೆ ಕೆತ್ತಿದ್ದಾರೆ. ಗಾಳಿಮಳೆಗೆ ಸವೆದು ಮೊಂಡಾಗಿದೆ, ಹುಡುಕಿ ನೋಡಬೇಕು. ಗುಜರಾತಿನ ಸುಲ್ತಾನ ಕೊಟ್ಟ ಆ ಪ್ರಾಣಿಯನ್ನು ಗೋವಾದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಹಡಗು ಹತ್ತಿಸಿದ, 1515ರಲ್ಲಿ ಅದು ಲಿಸ್ಬನ್ ತಲುಪಿತು. ಆನೆಯ ಜೊತೆ ಕಾಳಗಕ್ಕೆ ಬಿಟ್ಟರೆ ಆನೆ ಓಡಿಹೋಯಿತಂತೆ. ಮುಂದೆ ಪೋಪರಿಗೆ ಕಾಣಿಕೆಯಾಗಿ ಹೊರಟ ಆ ಬಡಪ್ರಾಣಿ ಇಟಲಿಯ ಸಮುದ್ರದಲ್ಲಿ ಮುಳುಗಿ ಸತ್ತಿತು. ನದಿಯಂಚಿನಲ್ಲಿ ನಾವಿಕರ ಬೃಹತ್ ಕಾಂಕ್ರೀಟ್ ಸ್ಮಾರಕವೂ ಇದೆ, 1960ರದ್ದು. ನನಗದು ಹಿಡಿಸುವುದಿಲ್ಲ, ಅಂದಿನ ಸರ್ವಾಧಿಕಾರಿ ಸಲಜಾರನ ಎದೆಯುಬ್ಬಿಸುವಿಕೆ. ಅದು ಎದ್ದ ಮರುವರ್ಷವೇ ಗೋವಾ ಕೈಬಿಟ್ಟಿತು.

ಇನ್ನು ವ್ಯವಹಾರದ ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನಕ್ಕೆ ಬಿಡಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕೇ ಬೇಕು. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ನಡುವೆ ಒಂದು ಕಡೆ ಇಳಿದು ಹತ್ತಬೇಕು. ನವೆಂಬರಿನಿಂದ ಫೆಬ್ರುವರಿ ಮಳೆಗಾಲ. ಒದ್ದೆಯಾದಾಗ ಅಲ್ಲಿನ ಸುಣ್ಣಕಲ್ಲಿನ ಕಾಲುದಾರಿ ಸೋಪಿನಂತೆ ಜಾರುತ್ತದೆ, ಹಿಡಿತವಿರುವ ಶೂ ಇರಲಿ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ, ಅಲ್ಫಾಮಾದ ಓಣಿಗಳಲ್ಲಿ ಬೂತಾಯಿ ಸುಡುವ ಹೊಗೆ. ಗದ್ದಲ ಒಗ್ಗದವರು ಆ ವಾರ ತಪ್ಪಿಸಿ. 28ನೇ ಟ್ರಾಮಿನಲ್ಲಿ ಜೇಬುಗಳ್ಳರಿದ್ದಾರೆ. ಮಾರ್ತಿಂ ಮೊನೀಜ್ ತುದಿಯ ಉದ್ದ ಸಾಲು ಬಿಟ್ಟು ಕಾಂಪೊ ದೆ ಓರಿಕ್ ತುದಿಯಿಂದ ಹತ್ತಿ. 2025ರ ಸೆಪ್ಟೆಂಬರಿನಲ್ಲಿ ಗ್ಲೋರಿಯಾ ಗುಡ್ಡದ ಹಗ್ಗದ ಟ್ರಾಮ್ ಜಾರಿ 16 ಮಂದಿ ಸತ್ತರು. ಅದೇ ವರ್ಷ ಬೆಲೆಂ ಗೋಪುರವೂ ದುರಸ್ತಿಗೆ ಮುಚ್ಚಿತ್ತು. ಯಾವುದು ಓಡುತ್ತಿದೆ, ಯಾವುದು ತೆರೆದಿದೆ ಎಂದು ಹೊರಡುವ ವಾರ ನೋಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ. ಬೇಕರಿ ಗಾಜಿನೊಳಗೆ ‘ಶಮೂಸ’ ಅಂತ ನಮ್ಮ ಸಮೋಸವೇ ಕಾಣುತ್ತದೆ, ಒಳಗೆ ಸಾಮಾನ್ಯವಾಗಿ ಮಾಂಸ. ‘ಕಾಲ್ದೊ ವೆರ್ದೆ’ ಅನ್ನುವ ಹಸಿರು ಸೊಪ್ಪಿನ ಸಾರಿನಲ್ಲಿ ಹಂದಿಯ ಸಾಸೇಜು ತೇಲುತ್ತಿರುತ್ತದೆ. ಬಾಯಿಬಿಟ್ಟು ಕೇಳಿಯೇ ತಿನ್ನಿ. ಮಾರ್ತಿಂ ಮೊನೀಜ್ ಸುತ್ತ ನೇಪಾಳಿ, ಬಾಂಗ್ಲಾ ಅಂಗಡಿಗಳಿವೆ, ಬೇಳೆ ಅನ್ನಕ್ಕೆ ತೊಂದರೆಯಿಲ್ಲ. ಹೋಟೆಲಿನಲ್ಲಿ ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್, ಗಿಣ್ಣು ತಂದಿಡುತ್ತಾರೆ. ಅದು ಉಪಚಾರವಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಮುಟ್ಟದೆ ವಾಪಸ್ ಕೊಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಮಾತು ಇಷ್ಟೇ. ವೀಸಾ ಕಾಗದಪತ್ರದ ಬಗ್ಗೆ ಸಂಶಯ ಇರುವವರು ಮೊದಲು ಕೇಳಿ.