ಎಂಟರಲ್ಲಿ ಒಂದು ಕೈಕೊಟ್ಟರೆ

ಈ ವೀಡಿಯೊದಲ್ಲಿ ನನ್ನ ಹಳೆಯ ವಿದ್ಯುತ್ ಕಾರಿನ ಕೆಟ್ಟ ಬ್ಯಾಟರಿ ಹುಡುಕಿ ಬದಲಿಸುವ ಕೆಲಸ. ಸೀಟು ಬಿಚ್ಚುವುದು ನಿಮಗೇ ಕಾಣುತ್ತಿದೆ, ವಿವರಿಸುವುದಿಲ್ಲ. ಹಿಂದೆ ಗುಂಯ್ ಎನ್ನುತ್ತಿರುವುದು ಪಕ್ಕದ ಮನೆಯ ನೀರಿನ ಮೋಟರ್, ನಮ್ಮ ಕಾರಿನದಲ್ಲ.

ಹೊಸಬರಿಗೆ ಪರಿಚಯ: ಇದು ರೇವಾ. 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿದ ವಿದ್ಯುತ್ ಕಾರು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರಬಹುದು, ಅದೂ ಜಗಳವಾಡದ ಮಕ್ಕಳು. ಮುಂದಿನ ಸೀಟುಗಳ ಕೆಳಗೆ ಆರು ವೋಲ್ಟಿನ ಎಂಟು ಬ್ಯಾಟರಿಗಳು, ಒಟ್ಟು 48 ವೋಲ್ಟ್. ಕಾರಿನ ತೂಕದಲ್ಲಿ ದೊಡ್ಡ ಪಾಲು ಇವುಗಳದ್ದೇ. ಹಾಗಾಗಿ ಸೊಂಟ ನೋವಿರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಮೊದಲು ತೆಗೆದಿಡಿ.

ಬ್ಯಾಟರಿಗೆ ತಂತಿ ಕೂಡುವ ಟರ್ಮಿನಲ್ ಮೇಲಿನ ಈ ಬಿಳಿ, ಹಸಿರು ಹುಡಿಯನ್ನು ಹತ್ತಿರದಿಂದ ನೋಡಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ಬುಸ್ ಎಂದು ನೊರೆ ಉಕ್ಕುತ್ತದೆ, ಅಡಿಯಲ್ಲಿ ಲೋಹದ ಹೊಳಪು ಕಾಣುತ್ತದೆ. ಇದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಬೇಸರವಿಲ್ಲ. ಮುಚ್ಚಳಗಳು ಮಾತ್ರ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಬ್ಯಾಟರಿಯ ಕಥೆ ಮುಗಿಯಿತು.

ಈಗ ಮಲ್ಟಿಮೀಟರ್ ಹಿಡಿದು ಒಂದೊಂದು ಬ್ಯಾಟರಿಯ ವೋಲ್ಟ್ ಅಳೆಯೋಣ. 6.3, 6.3, 6.2, 6.3... ಐದನೆಯದು 5.7. ರಾತ್ರಿಯೆಲ್ಲ ಚಾರ್ಜ್ ಮಾಡಿದ ಮೇಲೂ ಇಷ್ಟೇ. ಗೇರ್ ಇಲ್ಲದ ಕಾರು ಮೇಲುಸೇತುವೆ ಹತ್ತುವಾಗ ಏಕೆ ಏದುಸಿರು ಬಿಡುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು.

ನನ್ನ ಸಿಟ್ಟು ಇರುವುದು ಇದರ ಬೆಲೆಯ ಮೇಲೆ. ಅಂಗಡಿಯಲ್ಲಿ ಒಂದು ಬ್ಯಾಟರಿಗೆ 16,000 ರೂಪಾಯಿ ಎಂದರು. ಸರಿ, ಒಂದು ಕೊಡಿ ಎಂದೆ. "ಒಂದು ಕೊಡುವುದಿಲ್ಲ ಸಾರ್, ಹಾಕಿದರೆ ಎಂಟೂ ಹಾಕಬೇಕು." ಎಂಟಕ್ಕೆ 1,28,000! ಕಾರನ್ನೇ ಮಾರಿದರೂ ಅಷ್ಟು ಹುಟ್ಟುವುದಿಲ್ಲ. ಹಗಲುದರೋಡೆ ಎಂದು ಮುಖಕ್ಕೇ ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ಬೈದುಕೊಂಡೆ. ಆದರೆ ಅವರ ಮಾತಿನಲ್ಲಿ ಹುರುಳಿದೆ ಎನ್ನುವುದು ಇನ್ನೂ ಉರಿಯುವ ವಿಷಯ. ಎಂಟೂ ಸರಣಿಯಲ್ಲಿವೆ, ಒಂದೇ ಕರೆಂಟ್ ಎಲ್ಲದರ ಮೂಲಕ ಹರಿಯಬೇಕು. ಬಡಕಲಾದದ್ದು ಮೊದಲು ಬರಿದಾಗುತ್ತದೆ, ಉಳಿದವು ಅದನ್ನು ಎಳೆದಾಡಿ ಪೂರ್ತಿ ಹಾಳುಗೆಡವುತ್ತವೆ. ಹಳೆಯ ಏಳರ ನಡುವೆ ಹೊಸದೊಂದನ್ನು ಕೂರಿಸಿದರೆ ಚಾರ್ಜ್ ಮಾಡುವಾಗಲೂ ತಾಳ ತಪ್ಪುತ್ತದೆ. ಲೆಕ್ಕ ಸರಿ, ಬೆಲೆ ಅನ್ಯಾಯ. ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಕೊನೆಗೆ, ತನ್ನ ರೇವಾವನ್ನು ಬಿಡಿಬಿಡಿಯಾಗಿ ಮಾರುತ್ತಿದ್ದವರೊಬ್ಬರಿಂದ ಹೆಚ್ಚುಕಡಿಮೆ ಇದೇ ವಯಸ್ಸಿನ ಬ್ಯಾಟರಿ 3,500ಕ್ಕೆ ತಂದೆ. ಇಡುವುದು ನೋಡಿ, ಬೆರಳು ಜೋಪಾನ.

ಐದನೆಯದಕ್ಕೆ ಏನಾಗಿತ್ತು ಎಂದರೆ, ಒಂದೊಂದು ಬ್ಯಾಟರಿಯೊಳಗೆ ಮೂರು ಕೋಶಗಳು, ಇದರಲ್ಲಿ ನಡುವಿನ ಕೋಶ ಒಣಗಿಹೋಗಿದೆ. ರೇವಾದಲ್ಲಿ ಒಂದೇ ಕೊಳವೆಯಿಂದ ಇಪ್ಪತ್ತನಾಲ್ಕೂ ಕೋಶಗಳಿಗೆ ಡಿಸ್ಟಿಲ್ಡ್ ವಾಟರ್ ತಲುಪುವ ಏರ್ಪಾಡಿದೆ. ಬಹಳ ಜಾಣ ಯೋಚನೆ ಎಂದು ಹಿಂದಿನ ವೀಡಿಯೊದಲ್ಲಿ ಹೊಗಳಿದ್ದೆ. ಹೊಗಳಿಕೆ ವಾಪಸ್. ಕೋಶದೊಳಗೆ ನೀರು ಬಿಡುವ ಈ ಪುಟ್ಟ ತೇಲುಬಿಲ್ಲೆಗೆ ಕಸ ಸಿಕ್ಕಿ ಅಂಟಿಕೊಂಡರೆ ಆ ಕೋಶಕ್ಕೆ ನೀರಿಲ್ಲ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಮುಚ್ಚಳ ತೆಗೆದು ಕಣ್ಣಾರೆ ನೋಡಿ ಸುರಿಯುವುದೇ ಮೇಲು.

ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡುತ್ತಿತ್ತು. ಅಲ್ಲಿ ವಿದ್ಯುತ್ ವಾಹನಗಳಿಗೆ, ನಗರದ ನಡುಭಾಗಕ್ಕೆ ವಾಹನ ತರಲು ಕಟ್ಟಬೇಕಾದ ದಟ್ಟಣೆ ಶುಲ್ಕದಿಂದ ವಿನಾಯಿತಿ ಇದ್ದುದರಿಂದ ಜನ ಕೊಂಡರು. ಅಲ್ಲಿಯವರು ಇದನ್ನು ನೋಡಿ ನಕ್ಕದ್ದೂ ಉಂಟು. ಇಲ್ಲಿ ನಾವು ನಕ್ಕದ್ದೇ ಹೆಚ್ಚು, ಕೊಂಡದ್ದು ಕಡಿಮೆ. ಈಗ ಎಲ್ಲರೂ ವಿದ್ಯುತ್ ಕಾರಿನ ಬಗ್ಗೆ ಭಾಷಣ... ಅಯ್ಯೋ, ಅಷ್ಟರಲ್ಲಿ ಬಿರುಕುಬಿಟ್ಟ ಬಂಪರಿನ ದೃಶ್ಯ ಬಂತು.

ಬೇಗ ಹೇಳುತ್ತೇನೆ. ಇದು ಎಬಿಎಸ್ ಪ್ಲಾಸ್ಟಿಕ್. ಅದೇ ಪ್ಲಾಸ್ಟಿಕ್‌ನ ಚೂರನ್ನು ಅಸಿಟೋನ್‌ನಲ್ಲಿ ಕರಗಿಸಿದರೆ ದೋಸೆ ಹಿಟ್ಟಿನಂತಾಗುತ್ತದೆ. ಬಿರುಕಿನ ಒಳಬದಿಗೆ ಬಳಿದು, ಗಾಳಿಯಾಡುವ ಕಡೆ ಒಣಗಲು ಬಿಡಿ. ಹೊರಗೆ ಗೆರೆ ಉಳಿಯುತ್ತದೆ, ಉಳಿಯಲಿ ಬಿಡಿ.

ಕೀಲಿ ತಿರುಗಿಸಿದೆ, ಮೀಟರ್ ಮುಳ್ಳು ಎದ್ದಿತು. ಗೇಟಿನ ಹೊರಗೆ ಯಾರೋ ಸ್ಕೂಟರ್ ಅಡ್ಡ ನಿಲ್ಲಿಸಿದ್ದಾರೆ. ತೆಗೆಸಿ, ಮೇಲುಸೇತುವೆಯ ಕಡೆ ಹೊರಡುತ್ತೇನೆ.