ಉಗ್ರಾಣದ ಬಾಗಿಲಲ್ಲಿ ನಿಂತವರು

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ದೇವಸ್ಥಾನದಲ್ಲಿ ಬ್ರಹ್ಮಕಲಶ ಅಂದರೆ ಮೊದಲು ನೆನಪಾಗುವುದು ಹೊರೆಕಾಣಿಕೆ, ಅಂದರೆ ಊರವರು ಮನೆಮನೆಯಿಂದ ತಂದೊಪ್ಪಿಸುವ ಸಾಮಾನು. ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯಿಂದ ಜೀಪುಗಳ ಸಾಲು. ತೆಂಗಿನಕಾಯಿ, ಸೌತೆ, ಕುಂಬಳ, ಬಾಳೆಎಲೆ, ಅಕ್ಕಿ. ಎಲ್ಲರೂ ಮೆರವಣಿಗೆ ನೋಡುತ್ತಾರೆ. ನಾನು ಚಿಕ್ಕಂದಿನಿಂದ ನೋಡುತ್ತಿದ್ದದ್ದು ಉಗ್ರಾಣದ ಬಾಗಿಲನ್ನು. ಅಲ್ಲಿ ಹಿರಿಯರೊಬ್ಬರು ಪುಸ್ತಕ ಹಿಡಿದು ನಿಂತಿರುತ್ತಾರೆ. ಯಾವ ಮನೆಯಿಂದ ಏನು ಬಂತು ಬರೆದುಕೊಳ್ಳುತ್ತಾರೆ. ಕುಚ್ಚಿಲಕ್ಕಿ ಒಂದು ಕಡೆ, ಬೆಳ್ತಿಗೆ ಅಕ್ಕಿ ಇನ್ನೊಂದು ಕಡೆ. ಬೆರೆತರೆ ಕಷ್ಟ. ಕುಚ್ಚಿಲು ಬೇಯುವಷ್ಟರಲ್ಲಿ ಬೆಳ್ತಿಗೆ ಗಂಜಿಯಾಗಿರುತ್ತದೆ. ಎರಡೇ ಕಾಯಿ ತಂದ ಅಜ್ಜಿಯನ್ನೂ ಅವರು ಮಾತಾಡಿಸದೆ ಕಳಿಸುವುದಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಇಂಥ ಉಗ್ರಾಣಗಳಿವೆ. ಇವತ್ತಿನ ಮಾತು ಅಲ್ಲಿ ನಿಂತವರ ಬಗ್ಗೆ.

ಓಪನ್ ಸೋರ್ಸ್ ಅಂದರೆ ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಇಂಥದ್ದು, ಕಂಪ್ಯೂಟರನ್ನೇ ನಡೆಸುವ ಮೂಲ ತಂತ್ರಾಂಶ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಸರಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಇಂಥ ತಂತ್ರಾಂಶಕ್ಕೆ ಊರೂರಿನಿಂದ ತಿದ್ದುಪಡಿಗಳು ಬರುತ್ತವೆ. ಅವನ್ನು ನೋಡಿ ಒಳಗೆ ಸೇರಿಸುವವರನ್ನು ಮೇಂಟೇನರ್ ಅನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಕಾಣಿಕೆ ಕಳಿಸಿದ್ದೆ. ಒಂದು ತಂತ್ರಾಂಶದ ಕನ್ನಡ ಅನುವಾದದಲ್ಲಿ ಅರ್ಜಿ ಅನ್ನಬೇಕಾದ ಕಡೆ 'ಅಪೇಕ್ಷೆ' ಅಂತ ಇತ್ತು. ಮಲಯಾಳದಲ್ಲಿ ಅಪೇಕ್ಷೆ ಅಂದರೆ ಅರ್ಜಿ, ಕನ್ನಡದಲ್ಲಿ ಬಯಕೆ. ಎರಡೂ ಭಾಷೆ ಕಿವಿಗೆ ಬೀಳುವ ಗಡಿನಾಡಿನವರಿಗೆ ಇದು ಥಟ್ಟನೆ ಕಾಣುತ್ತದೆ ಅಲ್ವಾ? ತಿದ್ದಿ ಕಳಿಸಿದೆ. ದಿನಾ ರಾತ್ರಿ ಉತ್ತರ ಬಂತಾ ಅಂತ ನೋಡುತ್ತಿದ್ದೆ. ಏಳು ತಿಂಗಳಾದರೂ ಬರಲಿಲ್ಲ. ಬೇಡ ಅಂದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ ಎರಡು ವರ್ಷ ನಾನು ಆ ಕಡೆ ತಲೆಹಾಕಲಿಲ್ಲ.

ಮುಂದೆ ಬೇರೊಂದು ಸಣ್ಣ ತಂತ್ರಾಂಶದ ಕನ್ನಡದ ಹೊಣೆ ನನ್ನ ಕೈಗೆ ಬಂತು. ಆಗ ಬಾಗಿಲಿನ ಇನ್ನೊಂದು ಬದಿ ಗೊತ್ತಾಯಿತು. ಒಬ್ಬರು 'ಕಡತ' ಅಂತ ಇದ್ದಲ್ಲೆಲ್ಲ 'ಫೈಲ್' ಅಂತ ಮಾಡಿ ಕಳಿಸಿದರು. ಮರುವಾರ ಇನ್ನೊಬ್ಬರು ಎಲ್ಲವನ್ನೂ ತಿರುಗಿ ಕಡತ ಮಾಡಿದರು. ಮತ್ತೊಬ್ಬರ ತಿದ್ದುಪಡಿಯಲ್ಲಿ ಐದು ಒಳ್ಳೆಯ ಪದಗಳಿದ್ದವು. ಜೊತೆಗೆ, ಕೇಳದೆಯೇ ಇಡೀ ಪುಟದ ಸಾಲುಗಳನ್ನು ಮರುಜೋಡಿಸಿದ್ದರು. ಐದನ್ನು ಇಟ್ಟು ಉಳಿದದ್ದನ್ನು ಬಿಡೋಣ ಅಂದರೆ ಬಿಡಿಸಲು ಬಾರದು. ಕುಚ್ಚಿಲಿನಲ್ಲಿ ಬೆಳ್ತಿಗೆ ಬೆರೆತಿತ್ತು.

ಅದಕ್ಕೇ ಒಂದು ಪುಟದ ನಿಯಮ ಬರೆದೆವು. ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯ. ಯಾಕೆ ತಿದ್ದಿದಿರಿ ಅನ್ನುವುದಕ್ಕೆ ಎರಡು ಸಾಲು. ಪದಗಳ ಬಗ್ಗೆ ಜಗಳವಿದ್ದರೆ ಮೊದಲು ಪದಪಟ್ಟಿಯಲ್ಲಿ ಚರ್ಚೆ, ಆಮೇಲೆ ಕೆಲಸ. ಹೊಸಬರಿಗೆಂದೇ ಕೆಲವು ಸುಲಭದ ಕೆಲಸಗಳನ್ನು ಎತ್ತಿಟ್ಟೆವು. ನನಗೆ ನಾನೇ ಹಾಕಿಕೊಂಡ ನಿಯಮ ಇನ್ನೊಂದು: ವಾರದೊಳಗೆ ಉತ್ತರ. ಓದಲು ಹೊತ್ತಿಲ್ಲದಿದ್ದರೆ 'ತಲುಪಿದೆ, ಭಾನುವಾರ ನೋಡುತ್ತೇನೆ' ಅಂತಲಾದರೂ ಬರೆಯುವುದು.

ಬೇಡ ಅನ್ನುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಟೊರ್ವಾಲ್ಡ್ಸ್ ವರ್ಷಗಟ್ಟಲೆ ಬಹಳ ಕಟುವಾಗಿ ಬೈದು ಬರೆಯುತ್ತಿದ್ದರು. 2018ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದರು. ಅಂಥ ದೊಡ್ಡವರು ಹಾಗೆ ಮಾಡಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ಕಳಿಸಿದ ಕೆಲಸ ಸರಿಯಿಲ್ಲದಿರಬಹುದು. ಕಳಿಸಿದವರ ಮರ್ಯಾದೆ ತೆಗೆಯುವ ಹಕ್ಕು ನಮಗಿಲ್ಲ.

ಹಾಗಂತ ಬಂದದ್ದೆಲ್ಲ ಕಾಣಿಕೆಯೂ ಅಲ್ಲ. 2020ರ ಅಕ್ಟೋಬರಿನಲ್ಲಿ 'ಹ್ಯಾಕ್ಟೋಬರ್‌ಫೆಸ್ಟ್' ಅನ್ನುವ ಕಾರ್ಯಕ್ರಮದಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಅಂತ ಇತ್ತು. ಸುಮ್ನೆ ಒಂದು ಪದ ಸೇರಿಸಿ ಕಳಿಸಿದವರೇ ಜಾಸ್ತಿ ಆಗಿ ಮೇಂಟೇನರ್‌ಗಳು ಸೋತುಹೋದರು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು. ಭಾಗವಹಿಸಲು ತಾವಾಗಿ ಒಪ್ಪಿದ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಅಂತಾಯಿತು.

ಇದಕ್ಕಿಂತ ಗಂಭೀರವಾದದ್ದು 2024ರಲ್ಲಿ ನಡೆಯಿತು. ಎಕ್ಸ್‌ಜೆಡ್ ಅಂತ ಒಂದು ತಂತ್ರಾಂಶ. ಕಡತಗಳನ್ನು ಕುಗ್ಗಿಸುವುದು ಅದರ ಕೆಲಸ. ಲಿನಕ್ಸ್ ಇರುವ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಇರುತ್ತದೆ. ವರ್ಷಗಳಿಂದ ಒಬ್ಬರೇ ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು. 'ಯಾಕೆ ತಡ, ಬೇರೆಯವರಿಗೆ ಕೊಡಿ' ಅಂತ ಕೆಲವರು ಒತ್ತಾಯಿಸುತ್ತಲೇ ಇದ್ದರು. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಒಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿಕೊಟ್ಟು ನಂಬಿಕೆ ಗಳಿಸಿದರು. ತಿದ್ದುಪಡಿ ಸೇರಿಸುವ ಬೀಗದ ಕೈ ಅವರಿಗೆ ಸಿಕ್ಕಿತು. ಆಮೇಲೆ 5.6.0 ಆವೃತ್ತಿಯಲ್ಲಿ, ಹೊರಗಿನವರು ಗುಟ್ಟಾಗಿ ಕಂಪ್ಯೂಟರಿನ ಒಳಗೆ ನುಗ್ಗಬಹುದಾದ ಕಳ್ಳಬಾಗಿಲು ಸೇರಿತು. ಅದು ಸೇರಿದ್ದ ಕಂಪ್ಯೂಟರಿನಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಬೆನ್ನುಹತ್ತಿದರು. ಮಾರ್ಚ್ 29ರಂದು ಅದನ್ನು ಲೋಕಕ್ಕೆ ತಿಳಿಸಿದರು.

ಅಪರಿಚಿತರನ್ನು ನಂಬಬೇಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಪರಿಚಿತರು ಬರದೆ ಈ ಕೆಲಸ ನಡೆಯುವುದೇ ಇಲ್ಲ. ನನಗೆ ಅಲ್ಲಿ ಕಾಣುವುದು ಉಗ್ರಾಣದಲ್ಲಿ ಒಬ್ಬರೇ ಉಳಿದುಬಿಟ್ಟದ್ದು. ನಮ್ಮ ದೇವಸ್ಥಾನದಲ್ಲಿ ಆ ಹಿರಿಯರು ಊಟಕ್ಕೆ ಕೂತಾಗ ಪುಸ್ತಕ ಹಿಡಿಯಲು ಇನ್ನೊಬ್ಬರು ಇರುತ್ತಿದ್ದರು. ಈಗ ನಮ್ಮ ಅನುವಾದದಲ್ಲೂ ಯಾವುದೇ ತಿದ್ದುಪಡಿಯನ್ನು ಇಬ್ಬರು ಓದಿಯೇ ಸೇರಿಸುತ್ತೇವೆ. ನನ್ನದನ್ನೂ.

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ಪದ ತಿದ್ದಿ ಕಳಿಸಿದ್ದಾಳೆ. ಅವಳ ಮೊದಲ ಕಾಣಿಕೆ. ಎರಡು ಪದ ಚೆನ್ನಾಗಿವೆ, ಸೇರಿಸಿದ್ದೇವೆ. ಮೂರನೆಯದು ಯಾಕೆ ಹೊಂದುವುದಿಲ್ಲ ಅಂತ ಅವಳಿಗೆ ಬರೆಯಬೇಕು. ಇಲ್ಲಿಂದ ಮನೆಗೆ ಹೋದ ಕೂಡಲೇ ಬರೆಯುತ್ತೇನೆ.

ನಮಸ್ಕಾರ.